ಮೂರನೇ ಕೇಸು

ಸೂರ್ ಊರಿನ ಆಸ್ಪತ್ರೆಯಲ್ಲಿ ಬೆಳಗಿನ ಮೂರನೇ ಕೇಸು.
ಹುಡುಗನ ಹೆಸರು ಅಜ್ಜಾನ್. ಐದು ವರ್ಷ, ಹದಿನೇಳು ಕಿಲೋ.
ಹೆಸರೊಳಗೇ ಒಬ್ಬ ಅಜ್ಜ ಕೂತಿದ್ದಾನೆಂದು
ನಾನೊಬ್ಬಳೇ ಕನ್ನಡದಲ್ಲಿ ನಕ್ಕೆ.
ಟಾನ್ಸಿಲ್ಲು. ಇಪ್ಪತ್ತು ನಿಮಿಷದ ಕೆಲಸ.

ಅವನಪ್ಪ ದೋಣಿ ಎಂಜಿನ್ನುಗಳ ಮೇಸ್ತ್ರಿ,
ಎಷ್ಟು ತೊಳೆದರೂ ಗ್ರೀಸು ಬಿಡದ ಬೆರಳುಗಳಲ್ಲಿ
ನಾಲ್ಕು ಮಡಿಕೆಯ ಚೀಟಿ ಹಿಡಿದು ತಂದಿದ್ದ.
ಐದು ವರ್ಷದ ಹಿಂದೆ, ಬೇರೆ ಊರು, ಬೇರೆ ಆಸ್ಪತ್ರೆ,
ದೊಡ್ಡ ಮಗ ಯಾರುಬ್‌ಗೆ ಸ್ನಾಯು ಸಡಿಲಿಸುವ ಮದ್ದು ಕೊಟ್ಟಿದ್ದರು.
ಐದು ನಿಮಿಷಕ್ಕೆ ಇಳಿಯಬೇಕಾದದ್ದು
ಅವನ ರಕ್ತದಲ್ಲಿ ಇಳಿಯಲೇ ಇಲ್ಲ.
ಅಸರ್ ನಮಾಜಿನ ತನಕ ಯಂತ್ರವೇ ಉಸಿರಾಡಿತು.
ಮಲಗಿಸುವ ಮದ್ದು ಮಾತ್ರ ಮೊದಲೇ ಇಳಿದುಹೋಗಿತ್ತು.
"ಎಲ್ಲಾ ಕೇಳಿಸಿಕೊಂಡಿದ್ದಾನೆ," ಅಂದ ಅಪ್ಪ,
"ನರ್ಸುಗಳು ಊಟಕ್ಕೇನೆಂದು ಮಾತಾಡಿಕೊಂಡದ್ದನ್ನೂ.
ಇವನನ್ನು ಕಲ್ಲು ಮಾಡಬೇಡಿ."

ಕಾರಿಡಾರಿನ ಬೆಂಚಿನಲ್ಲಿ ಯಾರುಬ್, ಈಗ ಹನ್ನೆರಡು,
ಏಸಿಯಿಂದ ತೊಟ್ಟಿಕ್ಕುವ ಹನಿ ಎಣಿಸುತ್ತಿದ್ದವನು
ನನ್ನ ಕಡೆ ನೋಡಲಿಲ್ಲ.

ಸರಿ, ಆ ಮದ್ದು ಬೇಡ.
ಅದರ ದಾಯಾದಿಯೊಂದು ಟ್ರೇ ತುದಿಯಲ್ಲಿರಲಿ,
ಆಪತ್ತಿಗೆ, ಸೀಲು ಒಡೆಯದೆ.
ಸ್ಟ್ರಾಬೆರಿ ಹಚ್ಚಿದ ಮಾಸ್ಕು. ಊದು ಅಜ್ಜಾನ್, ಹಾಯಿ ಉಬ್ಬಲಿ, ಇನ್ನೂ ಊದು.
ಕಣ್ಣು ಒಂದು ಅತ್ತ ಒಂದು ಇತ್ತ ಅಲೆಯತೊಡಗಿತು.
ಹಾಲಿನಂಥ ಬಿಳಿ ಮದ್ದು, ನರ ಉರಿಯದಂತೆ, ಮೆಲ್ಲಗೆ.
ಪಾಪೆಗಳೆರಡೂ ನಡುವಿಗೆ ಬಂದು ನಿಲ್ಲಬೇಕು.
ನಿಂತವು ಅನ್ನಿಸಿತು.
ಅನ್ನಿಸಿದ್ದೇ ಬೇರೆ, ನಿಂತದ್ದೇ ಬೇರೆ.

ನಾಲಿಗೆ ಬದಿಗೆ ಸರಿಸಿದರೆ ಬೆಳಕಿನ ತುದಿಗೆ
ತೆಳ್ಳಗೆ, ಬಿಳಿ, ಒದ್ದೆ, ಎರಡು ಎಳೆ.
ಇಷ್ಟು ದಿನದ ಅಳು, ಹಟ, 'ಬಾಬಾ' ಎಲ್ಲ
ಇವುಗಳ ನಡುವಿನಿಂದಲೇ ಹೊರಟದ್ದು.
ಆ ಮದ್ದು ಕೊಟ್ಟಿದ್ದರೆ ಹಾರುಹೊಡೆದ ಬಾಗಿಲು,
ಹೋಗುವವರಿಗೆ ಕೇಳುವವರಿಲ್ಲ.
ಇಲ್ಲಿ ಮನೆಯವರು ಮನೆಯಲ್ಲೇ ಇದ್ದಾರೆ.

ನಳಿಗೆಯ ತುದಿ ತಾಕಿತೋ ಇಲ್ಲವೋ
ಕೆಮ್ಮಿದ.
ಎಳೆಗಳೆರಡೂ ಕಚ್ಚಿಕೊಂಡವು.

ಯಂತ್ರದ ಪೀಪಿ ಒಂದೊಂದೇ ಮೆಟ್ಟಿಲು ಇಳಿಯಿತು,
ತೊಂಬತ್ತಾರು, ತೊಂಬತ್ತೊಂದು, ಎಂಬತ್ತೆಂಟು.
ಸುಡಾನಿನ ಸರ್ಜನ್ ಬಾಬಿಕರ್ ಗ್ಲವ್ಸಿನ ಕೈ ಎದೆಗೆ ಕಟ್ಟಿ
ನೆಲ ನೋಡುತ್ತ ನಿಂತರು. ಅದು ಅವರ ಸೌಜನ್ಯ.
ರೊವೆನಾಳ ಬೆರಳು ಸೀಲಿನ ಮೇಲೆ ಹೋಗಿ ಕಾದಿತ್ತು.

ಹುಬ್ಬಳ್ಳಿಯಲ್ಲಿ ಕಲಿಸಿದ ನೀಲಗುಂದ ಮೇಡಂ
ಇಂಥ ಹೊತ್ತಲ್ಲಿ ಎಂದೂ ದನಿ ಏರಿಸಿದವರಲ್ಲ:
"ಜಗ್ಗಾಡಬ್ಯಾಡ ತಂಗಿ. ಹಿಂದಕ್ ಸರಿ. ದವಡಿ ಎತ್ತು.
ಅದು ತಾನ ಉಸಿರ ತಗೋತೈತಿ. ಆವಾಗ ಹೋಗು."

ಸರಿದೆ. ದವಡೆ ಎತ್ತಿದೆ. ಮಾಸ್ಕು ಒತ್ತಿ ಹಿಡಿದೆ.
ಇನ್ನೊಂದು ಗುಟುಕು ಬಿಳಿ.
ಕಿಟಕಿಯಿಲ್ಲದ ಕೋಣೆ; ಆಚೆ ಖಾರಿಯಲ್ಲಿ
ಉಬ್ಬರ ಏರುತ್ತಿತ್ತೋ ಇಳಿಯುತ್ತಿತ್ತೋ.
ಅಂಗೈಯೊಳಗಿನ ಬ್ಯಾಗು ಮೊದಲು ಕಲ್ಲು,
ಆಮೇಲೆ ಕಲಸಿದ ಹಿಟ್ಟು,
ಆಮೇಲೆ ಉಸಿರು.

ಎರಡನೇ ಸಲ ಇಣುಕಿದಾಗ ಅವು ತಮ್ಮ ಪಾಡಿಗೆ
ತೆರೆದು, ಕೂಡಿ, ತೆರೆದು.
ಅವನು ಎಳೆದುಕೊಂಡ ಒಂದು ಉಸಿರಿನ ಬೆನ್ನಿಗೇ
ನಾಲ್ಕೂವರೆ ನಂಬರಿನ ನಳಿಗೆ ಒಳಗೆ ಹೋಯಿತು,
ತುಂಬಿದ ಬಸ್ಸಿಗೆ ಯಾರದೋ ಹಿಂದೆ
ಸದ್ದಿಲ್ಲದೆ ಹತ್ತಿಕೊಂಡವಳ ಹಾಗೆ.
ಪ್ಲಾಸ್ಟಿಕ್ಕಿನ ಒಳಗೆ ಮಂಜು ಕಟ್ಟಿತು.

ಮಧ್ಯಾಹ್ನ ಅಜ್ಜಾನ್ ಒಡಕು ದನಿಯಲ್ಲಿ
ಐಸ್‌ಕ್ರೀಮಿಗೆ ಅಳುತ್ತಿದ್ದಾಗ
ಯಾರುಬ್ ನನ್ನ ಬಳಿ ಬಂದು ನಿಂತ.
ನನ್ನದು ಮುರುಕು ಅರಬಿ. ಅದಕ್ಕೆಂದೇ
ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ಇಟ್ಟ:
"ಒಳಗೆ. ಎಚ್ಚರ ಆಗಿದ್ದಿದ್ದರೆ. ಹೇಳಲು ಆಗುತ್ತಿತ್ತಾ?"

ಆಗುತ್ತಿತ್ತು, ಅಂದೆ. ನಿದ್ದೆಯಲ್ಲೇ ಒಂದು ಸಲ ಬೇಡ ಅಂದ.
"ನೀವು?"
ಹಿಂದೆ ಸರಿದೆ.

ಅವನು ಸ್ವಲ್ಪ ಹೊತ್ತು ನಿಂತಿದ್ದು
ಹೋಗಿ ತಮ್ಮನ ಕಪ್ಪಿನ ಮುಚ್ಚಳ ಬಿಡಿಸಿಕೊಟ್ಟ.